ಎಲ್ಲರೂ ಬರೆಯುವ ಪುಸ್ತಕ

ಹೋದ ಬೇಸಿಗೆಯಲ್ಲಿ ಅಣ್ಣನ ಮಗಳು ರಜೆಗೆಂದು ಬಂದವಳು, ಹೊಲಿಗೆ ಹಾಕಿದ ಹಾಳೆಗಳ ಒಂದು ಕಟ್ಟನ್ನು ನನ್ನ ಮುಂದಿಟ್ಟು, "ಅತ್ತೆ, ಇದನ್ನು ಸ್ವಲ್ಪ ನೋಡಿಕೊಡಿ" ಎಂದಳು. ಬಿ.ಎ. ಎರಡನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿ. ಕಾಲೇಜಿನಲ್ಲಿ 'ನಮ್ಮ ಊರಿನ ಜಲಮೂಲಗಳು' ಎಂಬ ವಿಷಯದ ಮೇಲೆ ಪ್ರಾಜೆಕ್ಟ್ ಬರೆಯಲು ಹೇಳಿದ್ದರಂತೆ. ಇವಳು ನಮ್ಮ ತವರೂರಿನ ದೊಡ್ಡ ಕೆರೆಯನ್ನು ಆರಿಸಿಕೊಂಡಿದ್ದಾಳೆ. ಕೊನೆಯ ಪುಟದಲ್ಲಿ ಮೇಷ್ಟರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, 'ಅಂತರಜಾಲದ ಆಧಾರ ಸ್ವೀಕಾರಾರ್ಹವಲ್ಲ. ಮುದ್ರಿತ ಆಧಾರ ಕೊಡಿ' ಎಂದು ಬರೆದಿದ್ದರು. ಹುಡುಗಿಗೆ ಸಿಟ್ಟು. "ಎಲ್ಲರೂ ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ ಅತ್ತೆ. ನಾನು ಪ್ರಾಮಾಣಿಕವಾಗಿ ಹೆಸರು ಹಾಕಿದ್ದೇ ತಪ್ಪಾಯಿತು" ಎಂದು ಮುಖ ಊದಿಸಿಕೊಂಡು ಕೂತಳು.

ಬಿಸಿಲಿಗೆ ಹಪ್ಪಳ ಹಾಕಿ ಬಂದು ನಿಧಾನವಾಗಿ ಓದಿದೆ. ಕೆರೆ ಕಟ್ಟಿಸಿದವನು ಊರಿನ ಗೌಡ. ಎಷ್ಟು ಅಗೆದರೂ ನೀರು ಬೀಳಲಿಲ್ಲ. ಜೋಯಿಸರ ಮಾತಿನಂತೆ ಕಿರಿಯ ಸೊಸೆಯನ್ನು ಕೆರೆಗೆ ಬಲಿ ಕೊಟ್ಟ ಮೇಲೆ ನೀರು ಉಕ್ಕಿತು. ಕಾಲ, ಕ್ರಿ.ಶ. 1560ರ ಸುಮಾರು. ಇವನ್ನೆಲ್ಲ ಅವಳು ನೆಟ್ಟಿನಲ್ಲಿರುವ, ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶದಿಂದ ಇಳಿಸಿಕೊಂಡಿದ್ದಳು. ಆ ಪುಟದ ಕೆಳಗೆ ಅಡಿಟಿಪ್ಪಣಿಯೂ ಇತ್ತು. 'ಎಲ್ಲಿ ತೋರಿಸು' ಎಂದೆ. ಮೊಬೈಲಿನಲ್ಲಿ ಬೆರಳಾಡಿಸಿ ತೋರಿಸಿದಳು. 1996ರಲ್ಲಿ ನಮ್ಮ ಮಹಿಳಾ ಸಮಾಜ ಬೆಳ್ಳಿಹಬ್ಬಕ್ಕೆಂದು ಹೊರತಂದ ಸ್ಮರಣ ಸಂಚಿಕೆಯ ಹೆಸರು. ಪುಟಸಂಖ್ಯೆ. ಲೇಖಕಿಯ ಹೆಸರು ನನ್ನದು.

ಸುಳ್ಳೇಕೆ ಹೇಳಲಿ, ಮೊದಲು ಬಂದದ್ದು ಹೆಮ್ಮೆಯೇ. ಇನ್ನೂರು ಪ್ರತಿ ಅಚ್ಚಾಗಿ, ಅರ್ಧಕ್ಕರ್ಧ ಗೆದ್ದಲಿಗೆ ಹೋಗಿದ್ದ ಸಂಚಿಕೆಯಿಂದ ನನ್ನ ಎರಡು ಪುಟವನ್ನು ಯಾರೋ ಹೆಕ್ಕಿ ಅಲ್ಲಿಟ್ಟಿದ್ದಾರಲ್ಲ! ನಾಚಿಕೆ ಬಂದದ್ದು ಆಮೇಲೆ. ಆ ಲೇಖನ ಬರೆದದ್ದು ಹೇಗೆಂದು ನನಗೆ ಚೆನ್ನಾಗಿ ನೆನಪಿದೆ. ಸಂಚಿಕೆಗೆ ಎರಡು ಪುಟ ಕಡಿಮೆ ಬಿದ್ದಿದೆ, ಎರಡೇ ದಿನದಲ್ಲಿ ಏನಾದರೂ ಬರೆದುಕೊಡಿ ಎಂದಿದ್ದರು. ಅಜ್ಜಿ ಹೇಳುತ್ತಿದ್ದ ಕಥೆಯನ್ನು ಬರೆದೆ. ಆ ಕಥೆಯಲ್ಲಿ ಅಜ್ಜಿಯ ಮಾತೆಷ್ಟು, ನಾವೆಲ್ಲ ಶಾಲೆಯಲ್ಲಿ ಓದಿ ಅತ್ತಿದ್ದ 'ಕೆರೆಗೆ ಹಾರ'ದ ಭಾಗೀರಥಿ ಎಷ್ಟು ಎಂದು ಬೇರ್ಪಡಿಸುವ ಗೋಜಿಗೆ ಹೋಗಲಿಲ್ಲ. ಕಾಲ ಹಾಕದಿದ್ದರೆ ಲೇಖನಕ್ಕೆ ತೂಕ ಬರುವುದಿಲ್ಲವೆಂದು 1560 ಎಂದು ಬರೆದೆ. ವಿಜಯನಗರದ ಕಾಲ ಎಂದರೆ ನಮ್ಮ ಕಡೆ ಯಾರೂ ಎದುರು ಮಾತನಾಡುವುದಿಲ್ಲ.

ಈಗ ಮೇಷ್ಟರ ಕೆಂಪು ಶಾಯಿಯನ್ನು ಮತ್ತೊಮ್ಮೆ ನೋಡಿ. ನೆಟ್ಟಿನ ಆಧಾರ ಬೇಡ, ಮುದ್ರಿತ ಆಧಾರ ಕೊಡಿ ಎಂದಿದ್ದಾರೆ. ಹುಡುಗಿ ಬುದ್ಧಿವಂತೆಯಾಗಿದ್ದರೆ ವಿಶ್ವಕೋಶದ ಹೆಸರನ್ನು ಹೊಡೆದುಹಾಕಿ ನೇರವಾಗಿ ನನ್ನ ಸ್ಮರಣ ಸಂಚಿಕೆಯ ಹೆಸರು ಹಾಕಿದ್ದರೆ ಆಗುತ್ತಿತ್ತು. ಅದೇ ಸುಳ್ಳು, ಅದೇ ಇಸವಿ. ಆದರೆ ಮುದ್ರಿತ! ಪೂರ್ಣ ಅಂಕ ಬೀಳುತ್ತಿತ್ತು. ಇದು ತಲೆಗೆ ಹೊಕ್ಕ ಮೇಲೆ, ಈ ವಿಶ್ವಕೋಶವನ್ನು ನಂಬಬಹುದೇ ಬಾರದೇ ಎಂಬ ಪ್ರಶ್ನೆ ನಾವು ಅಂದುಕೊಂಡಷ್ಟು ಸರಳವಲ್ಲ ಎನ್ನಿಸಿತು. ರಜೆ ಮುಗಿಯುವವರೆಗೂ ಹುಡುಗಿಯ ಜೊತೆ ಕೂತು ಅದನ್ನೇ ಓದಿದೆ, ಅದರ ಬಗ್ಗೆಯೂ ಓದಿದೆ.

ವಿಶ್ವಕೋಶ ನಮಗೆ ಹೊಸ ಸರಕಲ್ಲ. ಲೋಕದ ತಿಳಿವಳಿಕೆಯನ್ನೆಲ್ಲ ಒಂದೆಡೆ ಕೂಡಿಹಾಕುವ ಹಂಬಲದಿಂದ ಎರಡನೆಯ ಚಾವುಂಡರಾಯ 'ಲೋಕೋಪಕಾರ' ಬರೆದು ಸಾವಿರ ವರ್ಷವಾಗಿದೆ. ಅದರಲ್ಲಿ ಬಾವಿಗೆ ನೀರು ಹುಡುಕುವುದರಿಂದ ಅಡುಗೆಯವರೆಗೆ ಎಲ್ಲ ಇದೆ. ನಿಜಗುಣ ಶಿವಯೋಗಿಗಳ 'ವಿವೇಕ ಚಿಂತಾಮಣಿ' ಇದೆ. ನಮ್ಮ ಕಾಲಕ್ಕೆ ಬಂದರೆ, ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗೆ ಮೂರು ಸಂಪುಟಗಳ 'ಬಾಲ ಪ್ರಪಂಚ', ದೊಡ್ಡವರಿಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ 'ಜ್ಞಾನ ಗಂಗೋತ್ರಿ' ಎಷ್ಟೋ ಮನೆಗಳ ಗಾಜಿನ ಬೀರುವಿನಲ್ಲಿ ಇವತ್ತಿಗೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ. ಮೂವತ್ತೈದು ವರ್ಷದ ತಪಸ್ಸು. ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ. ಬರೆದವರು ಯಾರೆಂದು ಗೊತ್ತು. ತಪ್ಪಾದರೆ ಕೇಳಲು ಒಂದು ಹೆಸರಿದೆ.

ವಿಕಿಪೀಡಿಯದಲ್ಲಿ ಅದೊಂದು ಇಲ್ಲ. ಅದು ಹುಟ್ಟಿದ ಕಥೆಯೂ ಸ್ವಾರಸ್ಯದ್ದು. 2000ದಲ್ಲಿ ಅಮೆರಿಕದ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ 'ನೂಪೀಡಿಯ' ಎಂಬ ವಿಶ್ವಕೋಶವನ್ನು ನೆಟ್ಟಿನಲ್ಲಿ ಆರಂಭಿಸಿದರು. ಅದು ಪಂಡಿತರದೇ ಆಗಿತ್ತು. ಒಂದೊಂದು ಲೇಖನವೂ ಏಳು ಹಂತದ ಪರಿಶೀಲನೆ ದಾಟಬೇಕು. ಪರಿಣಾಮ, ಮೂರು ವರ್ಷದಲ್ಲಿ ಮುಗಿದ ಲೇಖನಗಳು ಎರಡು ಡಜನ್ನಿನಷ್ಟು. ಈ ನಿಧಾನಕ್ಕೆ ಬೇಸತ್ತು, ಕರಡು ಸಿದ್ಧಪಡಿಸಲು ಮಗ್ಗುಲಲ್ಲಿ ಒಂದು ಬಾಗಿಲು ತೆರೆದರು. ಯಾರು ಬೇಕಾದರೂ ಬಂದು ಬರೆಯಿರಿ, ಯಾರು ಬೇಕಾದರೂ ತಿದ್ದಿರಿ ಎಂದರು. ಅದು 2001ರ ಜನವರಿ 15. ವರ್ಷ ತುಂಬುವುದರೊಳಗೆ ಸುಮಾರು 20,000 ಲೇಖನ ಬಂದು ಬಿದ್ದವು. ಮಗ್ಗುಲ ಬಾಗಿಲೇ ಮಹಾದ್ವಾರವಾಯಿತು, ನೂಪೀಡಿಯ 2003ರಲ್ಲಿ ಮುಚ್ಚಿತು. ಇಂಗ್ಲಿಷ್ ವಿಕಿಪೀಡಿಯ 2025ರಲ್ಲಿ 70 ಲಕ್ಷ ಲೇಖನಗಳ ಗಡಿ ದಾಟಿದೆ. ಕನ್ನಡದ್ದು 2003ರಲ್ಲಿ ಆರಂಭವಾಗಿ ಮೂವತ್ತು ಸಾವಿರ ದಾಟಿದೆ.

ಹೀಗೆ ಸಂತೆಯಂತೆ ಸೇರಿದ ಜನ ಬರೆದದ್ದನ್ನು ನಂಬುವುದು ಹೇಗೆ? ಈ ಪ್ರಶ್ನೆಗೆ 2005ರ ಡಿಸೆಂಬರಿನಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆ ಒಂದು ಪರೀಕ್ಷೆ ನಡೆಸಿ ಉತ್ತರ ಕೊಟ್ಟಿತು. ವಿಜ್ಞಾನದ ವಿಷಯಗಳ ಮೇಲೆ ವಿಕಿಪೀಡಿಯ ಮತ್ತು ಎನ್‌ಸೈಕ್ಲೋಪೀಡಿಯ ಬ್ರಿಟಾನಿಕ ಎರಡರಿಂದಲೂ ಆಯ್ದ ಲೇಖನಗಳನ್ನು, ಯಾವುದು ಯಾವುದರದ್ದೆಂದು ಹೇಳದೆ, ಆಯಾ ವಿಷಯದ ತಜ್ಞರ ಮುಂದಿಟ್ಟರು. 42 ಲೇಖನಗಳ ಜೋಡಿಗಳಲ್ಲಿ ವಿಕಿಪೀಡಿಯದಲ್ಲಿ ಸಿಕ್ಕ ತಪ್ಪು 162, ಬ್ರಿಟಾನಿಕದಲ್ಲಿ 123. ಅಂದರೆ ಲೇಖನಕ್ಕೆ ಸುಮಾರು ನಾಲ್ಕು, ಮೂರು. ಗಂಭೀರವಾದ ತಪ್ಪುಗಳು ಎರಡರಲ್ಲೂ ನಾಲ್ಕು ನಾಲ್ಕು. ಬ್ರಿಟಾನಿಕದವರು ಪರೀಕ್ಷೆಯ ಕ್ರಮವೇ ಸರಿಯಿಲ್ಲವೆಂದು ಮರುವರ್ಷ ದೊಡ್ಡ ಜಗಳ ತೆಗೆದರು. ಪತ್ರಿಕೆ ಜಗ್ಗಲಿಲ್ಲ. ವಿಕಿಪೀಡಿಯದ ಅಭಿಮಾನಿಗಳು ಇಂದಿಗೂ ಈ ಲೆಕ್ಕವನ್ನೇ ಮುಂದೆ ಮಾಡುತ್ತಾರೆ.

ನನಗೆ ಈ ಲೆಕ್ಕ ಪೂರ್ತಿ ಸಮಾಧಾನ ಕೊಡಲಿಲ್ಲ. ವಿಜ್ಞಾನದ ಲೇಖನವನ್ನು ಓದುವವರೂ ತಿದ್ದುವವರೂ ನೂರಾರು ಜನ. ಹತ್ತು ಜನ ಓಡಾಡುವ ರಸ್ತೆಯಲ್ಲಿ ಕಲ್ಲು ಬಿದ್ದರೆ ಯಾರಾದರೂ ಎತ್ತಿ ಬದಿಗಿಡುತ್ತಾರೆ. ಒಂಟಿ ಓಣಿಯ ಗತಿ ಏನು? ಅದೇ 2005ರಲ್ಲಿ ಜಾನ್ ಸೀಗೆಂಥಾಲರ್ ಎಂಬ ಅಮೆರಿಕದ ಹಿರಿಯ ಪತ್ರಕರ್ತರ ಪುಟದಲ್ಲಿ, ಕೆನಡಿ ಸೋದರರ ಕೊಲೆಯಲ್ಲಿ ಅವರ ಕೈವಾಡವಿತ್ತೆಂದು ಒಂದು ಕಾಲಕ್ಕೆ ಶಂಕಿಸಲಾಗಿತ್ತು ಎಂದು ಯಾರೋ ತಮಾಷೆಗೆ ಬರೆದರು. ಆ ಮನುಷ್ಯ ರಾಬರ್ಟ್ ಕೆನಡಿಯವರ ಜೊತೆ ಕೆಲಸ ಮಾಡಿದವರು. ಆ ಮಾತು ಅಲ್ಲಿ ನಾಲ್ಕು ತಿಂಗಳು ಹಾಗೇ ಇತ್ತು. ಹೆಚ್ಚು ಜನ ಆ ಕಡೆ ಹೋಗಿರಲಿಲ್ಲ, ಅಷ್ಟೆ. ಇದು ದೊಡ್ಡ ಸುದ್ದಿಯಾದ ಮೇಲೆ ಹೆಸರು ನೋಂದಾಯಿಸದವರು ಹೊಸ ಪುಟ ತೆರೆಯದಂತೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕಟ್ಟು ಮಾಡಿದರು.

ನಮ್ಮ ಪಕ್ಕದಲ್ಲೇ ನಡೆದ ಇನ್ನೊಂದು ಪ್ರಸಂಗ ಇದಕ್ಕಿಂತ ಚೋದ್ಯದ್ದು. 2007ರಲ್ಲಿ 'ಬಿಚೋಲಿಂ ಸಂಘರ್ಷ' ಎಂಬ ಉದ್ದನೆಯ ಲೇಖನ ಇಂಗ್ಲಿಷ್ ವಿಕಿಪೀಡಿಯಕ್ಕೆ ಬಂತು. 1640-41ರಲ್ಲಿ ಗೋವೆಯ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ನಡೆದ ಯುದ್ಧದ ವಿವರ. ಅಡಿಟಿಪ್ಪಣಿಗಳು ಬೇಕಾದಷ್ಟು. ಎರಡು ತಿಂಗಳೊಳಗೆ 'ಉತ್ತಮ ಲೇಖನ' ಎಂಬ ಮುದ್ರೆಯೂ ಬಿತ್ತು. ಐದು ವರ್ಷ ಮೆರೆಯಿತು. 2012ರ ಕೊನೆಯಲ್ಲಿ ಒಬ್ಬ ಓದುಗ ಅಡಿಟಿಪ್ಪಣಿಯ ಪುಸ್ತಕಗಳನ್ನು ಹುಡುಕಹೊರಟರೆ ಅಂಥ ಪುಸ್ತಕಗಳೇ ಇಲ್ಲ! ಯುದ್ಧವೂ ಇಲ್ಲ. ಪೂರಾ ಕಟ್ಟುಕಥೆ. ಪುಟವನ್ನು ಅಳಿಸಿದರು.

ಈ ಸುಳ್ಳನ್ನು ಹಿಡಿಯಲು ಯಾವ ಪಾಂಡಿತ್ಯವೂ ಬೇಕಿರಲಿಲ್ಲ. ಶಿವಾಜಿ ಹುಟ್ಟಿದ್ದು 1630ರಲ್ಲಿ, ಪಟ್ಟಾಭಿಷೇಕವಾದದ್ದು 1674ರಲ್ಲಿ ಎಂದು ನಮ್ಮ ಹೈಸ್ಕೂಲಿನ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. 1640ರಲ್ಲಿ ಆತ ಹತ್ತು ವರ್ಷದ ಬಾಲಕ. ಆಗ ಮರಾಠಾ ಸಾಮ್ರಾಜ್ಯ ಎಲ್ಲಿಂದ ಬಂತು? ಬಿಜಾಪುರದ ಆದಿಲ್‌ಶಾಹಿಯ ಕಾಲ ಅದು. ಪರೀಕ್ಷಕರು ಅಡಿಟಿಪ್ಪಣಿ ಇದೆಯೇ ಎಂದು ನೋಡಿದರು, ವ್ಯಾಕರಣ ನೋಡಿದರು, ರೂಪ ನೋಡಿದರು. ತಮಗೆ ಗೊತ್ತಿರುವುದರ ಪಕ್ಕದಲ್ಲಿಟ್ಟು ನೋಡಲಿಲ್ಲ. ಅಡಿಟಿಪ್ಪಣಿ ಎನ್ನುವುದು ಬಾಗಿಲ ಚಿಲಕವಿದ್ದಂತೆ. ಚಿಲಕವಿದೆ ಎಂದ ಮಾತ್ರಕ್ಕೆ ಮನೆಯೊಳಗೆ ಜನರಿದ್ದಾರೆ ಎಂದಲ್ಲ, ತೆಗೆದು ನೋಡಬೇಕು.

ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ, ಅಮೆರಿಕದ ಮಿಡ್ಲ್‌ಬರಿ ಕಾಲೇಜಿನಲ್ಲಿ ನಡೆದದ್ದನ್ನು ಹೇಳಬೇಕು. ಜಪಾನಿನಲ್ಲಿ 1637-38ರಲ್ಲಿ ನಡೆದ ಶಿಮಾಬಾರ ದಂಗೆಗೆ ಜೆಸೂಯಿಟ್ ಪಾದ್ರಿಗಳ ಬೆಂಬಲವಿತ್ತೆಂದು ತರಗತಿಯ ಹಲವಾರು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಒಂದೇ ಬಗೆಯ ತಪ್ಪು ಬರೆದರಂತೆ. ಮೂಲ ಹುಡುಕಿದರೆ ವಿಕಿಪೀಡಿಯ. 2007ರಲ್ಲಿ ಅಲ್ಲಿಯ ಇತಿಹಾಸ ವಿಭಾಗ, ವಿಕಿಪೀಡಿಯವನ್ನು ಆಧಾರವಾಗಿ ಉಲ್ಲೇಖಿಸುವಂತಿಲ್ಲ ಎಂದು ನಿರ್ಣಯಿಸಿತು. ಓದಬೇಡಿ ಎನ್ನಲಿಲ್ಲ, ಉಲ್ಲೇಖಿಸಬೇಡಿ ಎಂದಿತು. ಸ್ವತಃ ಜಿಮ್ಮಿ ವೇಲ್ಸರೂ ಅದರ ಹಿಂದಿನ ವರ್ಷ, ಕಾಲೇಜಿಗೆ ಬಂದವರು ಯಾವ ವಿಶ್ವಕೋಶವನ್ನೂ ಆಧಾರವಾಗಿ ತೋರಿಸಬಾರದು ಎಂಬರ್ಥದ ಮಾತನ್ನೇ ಹೇಳಿದ್ದರು. ಇಲ್ಲಿಯ ಮಾಹಿತಿಯ ಸತ್ಯಕ್ಕೆ ತಾನು ಹೊಣೆಯಲ್ಲ ಎಂದು ವಿಕಿಪೀಡಿಯವೇ ತನ್ನ ಪುಟಗಳಲ್ಲಿ ಬರೆದುಕೊಂಡಿದೆ. ಔಷಧಿಯ ಸೀಸೆಯ ಮೇಲಿನ ಸಣ್ಣಕ್ಷರದ ಹಾಗೆ ನಾವು ಓದುವುದಿಲ್ಲ, ಅಷ್ಟೆ.

ತಪ್ಪು ಒಂದೇ ಕಡೆ ಇದ್ದರೆ ಹೇಗೋ ತಿದ್ದಬಹುದು. ಅದು ತಿರುಗಿ ತಿರುಗಿ ತನಗೆ ತಾನೇ ಸಾಕ್ಷಿ ಹೇಳತೊಡಗಿದರೆ ಕಷ್ಟ. ದಕ್ಷಿಣ ಅಮೆರಿಕದಲ್ಲಿ ಕೋಟಿ ಎಂಬ, ಉದ್ದ ಮೂತಿಯ ಒಂದು ಪ್ರಾಣಿಯಿದೆ. 2008ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಸುಮ್ಮನೆ ಹುಡುಗಾಟಕ್ಕೆ, 'ಇದನ್ನು ಬ್ರೆಜಿಲಿನ ಆರ್ಡ್‌ವಾರ್ಕ್ ಎಂದೂ ಕರೆಯುತ್ತಾರೆ' ಎಂದು ಆ ಪುಟಕ್ಕೆ ಸೇರಿಸಿದ. ಆರ್ಡ್‌ವಾರ್ಕ್ ಆಫ್ರಿಕದ ಪ್ರಾಣಿ, ಕೋಟಿಗೂ ಅದಕ್ಕೂ ನಂಟಿಲ್ಲ. ಬ್ರಿಟನ್ನಿನ ಪತ್ರಿಕೆಗಳು ಆ ಹೆಸರನ್ನು ಎತ್ತಿಕೊಂಡವು, ಪುಸ್ತಕಗಳಿಗೂ ಹೋಯಿತು. ಕೊನೆಗೆ ಆ ಪತ್ರಿಕೆಗಳೇ ವಿಕಿಪೀಡಿಯದ ಪುಟಕ್ಕೆ ಆಧಾರವಾಗಿ ಕೂತವು! ನಮ್ಮ ಬೀದಿಯಲ್ಲಿ ಯಾರದೋ ಮನೆಯ ಮದುವೆ ಮುರಿದ ಸುದ್ದಿ ನಾಲ್ಕು ಬಾಯಿ ದಾಟಿ ಹೇಳಿದವಳ ಕಿವಿಗೇ ಹಿಂದಿರುಗಿದಾಗ, 'ನೋಡಿ, ಅವರೂ ಹೇಳುತ್ತಿದ್ದಾರೆ' ಎನ್ನುವುದಿಲ್ಲವೇ? ಅದೇ ಇದು. ಸಾಕ್ಷಿ ನಾಲ್ಕು ಕಂಡರೂ ಬಾಯಿ ಒಂದೇ.

ಇಷ್ಟು ಹೊತ್ತು ಸುಳ್ಳಿನ ಮಾತಾಡಿದೆ. ಬಿಟ್ಟುಹೋದದ್ದರ ಬಗ್ಗೆಯೂ ಹೇಳಬೇಕು, ಅದು ನಮಗೆ ಹೆಂಗಸರಿಗೆ ಇನ್ನೂ ಹತ್ತಿರದ್ದು. 2018ರ ಅಕ್ಟೋಬರಿನಲ್ಲಿ ಡೊನ್ನಾ ಸ್ಟ್ರಿಕ್‌ಲೆಂಡ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. 1903ರಲ್ಲಿ ಮೇರಿ ಕ್ಯೂರಿ, 1963ರಲ್ಲಿ ಮರಿಯಾ ಗೋಪರ್ಟ್ ಮೇಯರ್, ಅವರ ನಂತರ ಆ ಗೌರವ ಪಡೆದ ಮೂರನೆಯ ಹೆಂಗಸು. ಬಹುಮಾನ ಘೋಷಣೆಯಾದ ಹೊತ್ತಿಗೆ ವಿಕಿಪೀಡಿಯದಲ್ಲಿ ಅವರ ಪುಟವಿರಲಿಲ್ಲ. ಅವರ ಜೊತೆ ಅದೇ ಕೆಲಸಕ್ಕೆ ಬಹುಮಾನ ಹಂಚಿಕೊಂಡ ಜೆರಾರ್ ಮೂರೂ ಅವರ ಪುಟ ಎಷ್ಟೋ ವರ್ಷದಿಂದ ಇತ್ತು. ಆ ವರ್ಷವೇ ಯಾರೋ ಅವರ ಪುಟದ ಕರಡು ಕಳಿಸಿದ್ದರು. ಸಾಕಷ್ಟು ಆಧಾರವಿಲ್ಲವೆಂದು ತಿರಸ್ಕೃತವಾಗಿತ್ತು. ನಿಯಮದ ಪ್ರಕಾರ ತಿರಸ್ಕರಿಸಿದವರದು ತಪ್ಪೆಂದು ಹೇಳಲಾಗದು. ಪತ್ರಿಕೆಗಳು ಬರೆಯಲಿಲ್ಲ, ಆದ್ದರಿಂದ ಆಧಾರವಿಲ್ಲ, ಆಧಾರವಿಲ್ಲದ್ದರಿಂದ ಪುಟವಿಲ್ಲ. ಲೋಕ ಮರೆತದ್ದನ್ನು ವಿಶ್ವಕೋಶ ಎರಡನೆಯ ಸಲ ಮರೆಯುತ್ತದೆ. 2011ರ ಸುಮಾರಿಗೆ ಚರ್ಚೆಯಾದ ಸಮೀಕ್ಷೆಯೊಂದರ ಪ್ರಕಾರ ಅಲ್ಲಿ ಬರೆಯುವವರಲ್ಲಿ ಹೆಂಗಸರು ನೂರಕ್ಕೆ ಹದಿಮೂರು. ಹೆಂಗಸರ ಜೀವನಚರಿತ್ರೆಗಳನ್ನು ಹೆಚ್ಚಿಸಲು 2015ರಿಂದ ಒಂದು ಬಳಗ ದುಡಿಯುತ್ತಿದೆ. ಅಷ್ಟಾದರೂ ಇಂಗ್ಲಿಷ್ ವಿಕಿಪೀಡಿಯದ ಜೀವನಚರಿತ್ರೆಗಳಲ್ಲಿ ನಮ್ಮ ಪಾಲು ಐದರಲ್ಲಿ ಒಂದರ ಆಸುಪಾಸಿನಲ್ಲೇ ಇದೆ.

ಒಬ್ಬಳು ಹೊರಗೇ ಉಳಿದರೆ, ಇನ್ನೊಬ್ಬಳು ಒಳಗೆ ಬಂದು ಏನು ಮಾಡಿದಳು ನೋಡಿ. ಚೀನೀ ಭಾಷೆಯ ವಿಕಿಪೀಡಿಯದಲ್ಲಿ ಹತ್ತು ವರ್ಷದಷ್ಟು ಕಾಲ ಒಬ್ಬಾಕೆ ಮಧ್ಯಯುಗದ ರಷ್ಯದ ಇತಿಹಾಸ ಬರೆದಳು. ಕಾಶಿನ್ ಎಂಬಲ್ಲಿಯ ಬೆಳ್ಳಿಗಣಿ, ಅದರಲ್ಲಿ ದುಡಿದವರು, ಅದಕ್ಕಾಗಿ ನಡೆದ ಯುದ್ಧಗಳು, ಹೀಗೆ ಇನ್ನೂರಕ್ಕೂ ಹೆಚ್ಚು ಲೇಖನ. 2022ರಲ್ಲಿ ಕಾದಂಬರಿಗೆ ವಸ್ತು ಹುಡುಕುತ್ತಿದ್ದ ಲೇಖಕರೊಬ್ಬರು ಮೂಲಗಳನ್ನು ಕೆದಕಿದಾಗ ಬಹುಪಾಲು ಕಲ್ಪನೆ ಎಂದು ತಿಳಿಯಿತು. ವಿದ್ವಾಂಸಳೆಂದು ಎಲ್ಲರೂ ನಂಬಿದ್ದ ಆಕೆ ಕ್ಷಮೆ ಕೇಳುತ್ತಾ, ತಾನೊಬ್ಬ ಗೃಹಿಣಿ, ಹೆಚ್ಚು ಓದಿದವಳಲ್ಲ, ಪರಭಾಷೆಯ ಮೂಲಗಳು ಅರ್ಥವಾಗದ ಕಡೆ ಊಹೆಯಿಂದ ತುಂಬಿಸಿದೆ, ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು ಹುಟ್ಟಿತು ಎಂದು ಬರೆದಳು. ಇದನ್ನು ಓದಿದಾಗ ನನಗೆ ನಗಲಾಗಲಿಲ್ಲ. ಅರ್ಥವಾಗದ ಕಡೆ ಊಹೆಯಿಂದ ತುಂಬಿಸಿದ್ದು! ನಾನು 1560 ಎಂದು ಬರೆದಾಗ ಮಾಡಿದ್ದು ಬೇರೇನು? ಆಕೆಯ ಶ್ರದ್ಧೆಗೆ ಯಾರಾದರೂ ಹೊತ್ತಿಗೆ ಸರಿಯಾಗಿ ಓದಲು ಕಲಿಸಿದ್ದರೆ ಎನ್ನಿಸಿತು. ಹಾಗೆಂದು ಮೋಸ ಮೋಸವಲ್ಲದೆ ಹೋಗುವುದಿಲ್ಲ. ಅವಳನ್ನು ನಂಬಿ ಓದಿದ ಮಕ್ಕಳಿಗೆ ಆ ಗಣಿಯ ಬೆಳ್ಳಿ ಖೋಟಾ ನಾಣ್ಯವೇ.

ಇಲ್ಲಿ ಕನ್ನಡದ ಮಾತು ಬರುತ್ತದೆ. ಬರೆಯುವವರು ಕಡಿಮೆಯಿರುವ ಭಾಷೆಗಳಲ್ಲಿ ಒಬ್ಬ ವ್ಯಕ್ತಿಯ ತಪ್ಪು ಇಡೀ ಕಟ್ಟಡವನ್ನೇ ವಾಲಿಸಬಲ್ಲದು. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ 20 ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಆ ಭಾಷೆಯೇ ಬಾರದ ಒಬ್ಬ ಅಮೆರಿಕದ ಹುಡುಗ ನಿಘಂಟು ಹಿಡಿದುಕೊಂಡು ಬರೆದಿದ್ದಾನೆಂದು 2020ರಲ್ಲಿ ಬೆಳಕಿಗೆ ಬಂತು. ಅವನ ಉದ್ದೇಶ ಕೆಟ್ಟದ್ದಲ್ಲ, ಹನ್ನೆರಡನೆಯ ವಯಸ್ಸಿನಲ್ಲಿ ಆರಂಭಿಸಿದ್ದನಂತೆ. ನಮ್ಮಲ್ಲಿ ಅಷ್ಟು ಅನಾಹುತವಾಗಿಲ್ಲ. ಆದರೂ 2009ರಿಂದ 2011ರವರೆಗೆ ಗೂಗಲ್ ಸಂಸ್ಥೆ ತನ್ನ ಅನುವಾದ ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಭಾರತೀಯ ಭಾಷೆಗಳಿಗೆ ತರಿಸಿದಾಗ ಕನ್ನಡಕ್ಕೂ ಅಂಥವು ಬಂದವು. ಮಾರುದ್ದದ ಲೇಖನಗಳು, ಪದ ಕನ್ನಡದ್ದು, ವಾಕ್ಯ ಇಂಗ್ಲಿಷಿನದು. ಇಂಥವನ್ನು ಓದಿದರೆ ಹುರುಳಿ ಇಲ್ಲದ ಹುರುಳಿಸಾರು ಉಂಡಂತಾಗುತ್ತದೆ.

ಒಳ್ಳೆಯದೂ ಉಂಟು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದರಿಂದ ಅದರ ಎಷ್ಟೋ ಬರಹಗಳು ಇಂದು ಹಳ್ಳಿಯ ಹುಡುಗಿಯ ಮೊಬೈಲಿಗೂ ಸಿಗುತ್ತವೆ. ಬಿಡುವಿನ ವೇಳೆಯಲ್ಲಿ ಒಂದು ಕಾಸಿನ ಆಸೆಯಿಲ್ಲದೆ ಕೂತು ಹಕ್ಕಿ, ಹೂವು, ಊರು, ಯಕ್ಷಗಾನಗಳ ಬಗ್ಗೆ ಬರೆದವರಿದ್ದಾರೆ. ಅವರ ಲೇಖನಗಳಲ್ಲಿ ಕಂಡವರ ಕಣ್ಣಿದೆ. ಆದರೆ ಆಧಾರದ ಕೊರತೆ ಕನ್ನಡದಲ್ಲಿ ಹೆಚ್ಚು. ಎಷ್ಟೋ ಪುಟಗಳಿಗೆ ಅಡಿಟಿಪ್ಪಣಿಯೇ ಇಲ್ಲ. ಇದ್ದರೂ ಆ ಪುಸ್ತಕ ನಮ್ಮ ತಾಲ್ಲೂಕು ಲೈಬ್ರರಿಯಲ್ಲಿ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಓದುವ ಮಗುವಿಗಿಂತ ಕನ್ನಡದಲ್ಲಿ ಓದುವ ಮಗು ಎರಡು ಪಟ್ಟು ಎಚ್ಚರದಿಂದಿರಬೇಕಾಗಿದೆ. ಇದು ನ್ಯಾಯವಲ್ಲ, ಆದರೆ ಇರುವುದು ಹಾಗೆ.

ಹಾಗಾದರೆ ಮೇಷ್ಟರ ಕೆಂಪು ಶಾಯಿಯೇ ಸರಿಯೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಬೇಡವೆಂದರೆ ಮಕ್ಕಳು ಬಿಡುವುದಿಲ್ಲ, ಮುಚ್ಚಿಡುತ್ತಾರೆ. ಈಗಂತೂ ಪ್ರಶ್ನೆ ಕೇಳಿದರೆ ಸಾಕು, ಕಂಪ್ಯೂಟರೇ ನುಣ್ಣಗೆ ಪ್ರಬಂಧ ಬರೆದುಕೊಡುವ ಕಾಲ ಬಂದಿದೆ. ಆ ಯಂತ್ರಗಳೂ ಓದಿ ಕಲಿತದ್ದರಲ್ಲಿ ಈ ವಿಶ್ವಕೋಶ ಸೇರಿದೆ. ಯಂತ್ರ ಕೊಟ್ಟ ಉತ್ತರದಲ್ಲಿ ಯಾವ ಮಾತು ಎಲ್ಲಿಂದ ಬಂತೆಂದು ಹಿಂದಕ್ಕೆ ಹೋಗಿ ನೋಡುವುದು ಎಷ್ಟೋ ಸಲ ಸಾಧ್ಯವೇ ಆಗುವುದಿಲ್ಲ. ವಿಕಿಪೀಡಿಯದಲ್ಲಿ ಅದು ಸಾಧ್ಯ. ಪ್ರತಿ ಪುಟದ ಮೇಲೆ 'ಇತಿಹಾಸ' ಎಂಬ ಗುಂಡಿಯಿದೆ. ಅದನ್ನೊತ್ತಿದರೆ ಯಾವ ಸಾಲು ಯಾವತ್ತು ಸೇರಿತು, ಯಾರು ತೆಗೆದರು, ಏನೆಂದು ಕಾರಣ ಕೊಟ್ಟರು, ಎಲ್ಲ ಕಾಣುತ್ತದೆ. 'ಚರ್ಚೆ' ಎಂಬ ಇನ್ನೊಂದು ಪುಟದಲ್ಲಿ ಬರೆದವರ ಜಗಳವೇ ಇರುತ್ತದೆ. ನಮ್ಮ ಗಾಜಿನ ಬೀರುವಿನ ಸಂಪುಟಗಳು ತಮ್ಮ ಜಗಳವನ್ನು ಎಂದೂ ತೋರಿಸಿರಲಿಲ್ಲ. ಅಡುಗೆಮನೆಯನ್ನು ನೋಡಲು ಬಿಡುವ ಹೋಟೆಲು ಇದು. ಒಳಗೆ ಹೋಗಿ ನೋಡದೆ ಉಂಡು ಆಮೇಲೆ ದೂರಿದರೆ ತಪ್ಪು ಉಂಡವರದೂ ಹೌದು.

ಮಗಳಿಗೆ ನಾನು ಹೇಳಿದ್ದು ಇಷ್ಟು. ಮೊದಲು ಅಲ್ಲಿಗೇ ಹೋಗು, ವಿಷಯದ ಸುತ್ತಳತೆ ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಲ್ಲೇ ಕೂರಬೇಡ. ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋಗು. ಮೂಲ ಸಿಕ್ಕಿದರೆ ಅದನ್ನು ಓದಿ ಅದರ ಹೆಸರು ಹಾಕು, ಓದದ್ದರ ಹೆಸರು ಹಾಕಬೇಡ. ಎರಡು ಕಡೆ ಒಂದೇ ಮಾತಿದ್ದರೆ ಒಂದು ಇನ್ನೊಂದನ್ನು ನೋಡಿ ಬರೆದದ್ದೋ ಎಂದು ಇಸವಿ ತಾಳೆ ನೋಡು. ಕೊನೆಗೆ, ನಿನಗೆ ಈಗಾಗಲೇ ಗೊತ್ತಿರುವುದರ ಪಕ್ಕದಲ್ಲಿಟ್ಟು ನೋಡು. "ಹಾಗಾದರೆ ನಿಮ್ಮ ಲೇಖನದ ಮೂಲ ಯಾವುದು ಅತ್ತೆ?" ಎಂದಳು ಹುಡುಗಿ. ಅಜ್ಜಿ ಎಂದೆ. "ಅಜ್ಜಿಯದು?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಇದ್ದದ್ದು ಕೆರೆಯ ಏರಿಯ ಮೇಲಿನ ಬಸವಣ್ಣನ ಗುಡಿಯ ಹಿಂದೆ. ಅಲ್ಲೊಂದು ಬರೆದ ಕಲ್ಲಿದೆ. ಚಿಕ್ಕವರಿದ್ದಾಗ ಅದರ ಮೇಲೆ ಹುಣಸೆಬೀಜ ಉಜ್ಜಿ ಆಡುತ್ತಿದ್ದೆವು. ಅದನ್ನು ಯಾರಾದರೂ ಓದಿರಬಹುದೆಂದು ನನಗೆ ಎಂದೂ ಹೊಳೆದಿರಲಿಲ್ಲ. ಬಿ. ಎಲ್. ರೈಸ್ ಅವರು ನೂರು ವರ್ಷಕ್ಕೂ ಹಿಂದೆ ಊರೂರು ಸುತ್ತಿಸಿ ಶಾಸನಗಳನ್ನು ಓದಿಸಿ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳನ್ನು ಅಚ್ಚು ಹಾಕಿಸಿದ್ದು ಪಠ್ಯಪುಸ್ತಕದಲ್ಲಿ ಓದಿದ್ದೆ, ಅಷ್ಟೆ. ಜಿಲ್ಲಾ ಕೇಂದ್ರದ ಕಾಲೇಜಿನ ಗ್ರಂಥಾಲಯದಲ್ಲಿ ನಮ್ಮ ಜಿಲ್ಲೆಯ ಸಂಪುಟ ಸಿಕ್ಕಿತು. ನಮ್ಮೂರಿನ ಹೆಸರಿನ ಕೆಳಗೆ ಆ ಕಲ್ಲಿನ ಪಾಠ, ಆರೇಳು ಸಾಲು. ಕಾಲ, ನಾನು ಬರೆದದ್ದಕ್ಕಿಂತ ಸುಮಾರು ಇನ್ನೂರು ವರ್ಷ ಹಿಂದಿನದು. ಗೌಡನ ಹೆಸರಿಲ್ಲ, ಬಲಿಯ ಮಾತಿಲ್ಲ. ಕೆರೆಗೆ ತೂಬು ಇಡಿಸಿ, ಅದನ್ನು ನೋಡಿಕೊಳ್ಳುವವರಿಗೆ ಬಿತ್ತುವಟ್ಟವಾಗಿ ಗದ್ದೆ ಬಿಟ್ಟವಳು ಒಬ್ಬ ಹೆಂಗಸು. ಕಲ್ಲು ಸವೆದು ಅವಳ ಹೆಸರಿನ ಮೊದಲ ಅಕ್ಷರಗಳು ಹೋಗಿವೆ. ಕೊನೆಯ 'ಅಕ್ಕ' ಮಾತ್ರ ಉಳಿದಿದೆ.

ಸಂಪುಟವನ್ನು ಮುಚ್ಚದೆ ಬಹಳ ಹೊತ್ತು ಹಾಗೇ ಕೂತಿದ್ದೆ. ನೀರು ಕೊಟ್ಟವಳನ್ನು ನೀರಿಗೆ ಕೊಟ್ಟವಳನ್ನಾಗಿ ಮಾಡಿದ್ದೆವಲ್ಲ. ಅಜ್ಜಿ ಮಾಡಿದರು, ಅಜ್ಜಿಯ ಅಜ್ಜಿ ಮಾಡಿದ್ದರೋ ಏನೋ, ಅಚ್ಚು ಹಾಕಿಸಿದವಳು ಮಾತ್ರ ನಾನು. ಹೆಣ್ಣಿನ ಕಥೆ ಎಂದರೆ ಬಲಿಯ ಕಥೆಯೇ ಇರಬೇಕೆಂದು ನನಗೂ ಅನ್ನಿಸಿತ್ತು, ಇಲ್ಲದಿದ್ದರೆ ಒಂದು ಸಲವಾದರೂ ಆ ಕಲ್ಲಿನ ಹತ್ತಿರ ಹೋಗುತ್ತಿದ್ದೆ.

ಮನೆಗೆ ಬಂದು ಹುಡುಗಿ ಉತ್ಸಾಹದಲ್ಲಿ ನೆಟ್ಟಿನ ಆ ಪುಟವನ್ನು ತೆರೆದು, ಹಳೆಯ ಕಥೆಯನ್ನೆಲ್ಲ ಅಳಿಸಿ, ಇದು ತಪ್ಪೆಂದು ಲೇಖಕಿಯೇ ಒಪ್ಪಿದ್ದಾರೆ ಎಂದು ಬರೆದಳು. ಮರುದಿನ ನೋಡಿದರೆ ಎಲ್ಲ ಮೊದಲಿನಂತೆ! ಆಧಾರವಿರುವ ಮಾಹಿತಿಯನ್ನು ಆಧಾರವಿಲ್ಲದೆ ತೆಗೆಯಬಾರದು ಎಂದು ಯಾರೋ ಒಂದು ಸಾಲಿನ ವಿವರಣೆ ಇಟ್ಟಿದ್ದರು. ಹುಡುಗಿಗೆ ಅವಮಾನವಾಯಿತು. ನನಗೆ ಯಾಕೋ ಸಮಾಧಾನವಾಯಿತು. ನಾನೇ ಬರೆದವಳು ಎಂಬ ಗತ್ತಿಗೆ ಅಲ್ಲಿ ಬೆಲೆಯಿಲ್ಲ, ಏನು ತೋರಿಸುತ್ತೀ ಎಂದಷ್ಟೇ ಕೇಳುತ್ತಾರೆ. ಎರಡನೆಯ ಸಲ ಸಂಪುಟದ ಹೆಸರು, ಶಾಸನದ ಸಂಖ್ಯೆ, ಪುಟ ಎಲ್ಲ ಹಾಕಿ ಬರೆದೆವು. ಅದು ನಿಂತಿತು. ಕೆಲವು ದಿನದ ಮೇಲೆ ಇನ್ಯಾರೋ ಬಂದು, ಬಲಿಯ ಕಥೆಯನ್ನು ಕೆಳಗಿಳಿಸಿ 'ಐತಿಹ್ಯ' ಎಂಬ ತಲೆಬರಹದಡಿ ಇಟ್ಟಿದ್ದರು. ಅದೂ ಸರಿಯೇ. ಅಜ್ಜಿಯ ಕಥೆ ಸುಳ್ಳಲ್ಲ, ಇತಿಹಾಸವಲ್ಲ ಅಷ್ಟೆ.

ಆ ಸ್ಮರಣ ಸಂಚಿಕೆಯನ್ನು ತಿದ್ದಲು ಮಾತ್ರ ನನಗೆ ದಾರಿಯಿಲ್ಲ. ಉಳಿದ ಪ್ರತಿಗಳು ಯಾರ್ಯಾರ ಮನೆಯ ಅಟ್ಟದಲ್ಲಿವೆಯೋ. ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ನನ್ನ ಎರಡು ಪುಟದ ಅಂಚಿನಲ್ಲಿ, ಪೆನ್ಸಿಲಿನಲ್ಲಾದರೂ ಸರಿ, 'ಕಲ್ಲನ್ನು ನೋಡಿ' ಎಂದು ಬರೆದಿಡಿ.